ಸರ್ವೆ ಹೂ ಬಿಟ್ಟ ಕಾಲದಲ್ಲಿ ಮಾಯಮ್ಮನ ಕಬಡ್ಡಿ

ಮಾಯಮ್ಮ ಮದುವೆಯಾಗಿ ಶೀಳನೆರೆ ಹತ್ತಿರದ ಆ ಊರಿಗೆ ಬಂದ ಮೊದಲ ವರ್ಷ, ಅವಳ ಮಾವ ದಾಸಯ್ಯನಿಗೆ ಮನೆ ಬಿಟ್ಟು ಹೊರಡುವುದೇ ದುಸ್ತರವಾಯಿತು. ದಾಸಯ್ಯ ಶಕುನ ನಂಬುವ ಮನುಷ್ಯ. ಹೊಸ್ತಿಲು ದಾಟುವಾಗ ಹಿಂದಿನಿಂದ ಒಂಟಿ ಸೀನು ಕೇಳಿಸಿತೋ, ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೊರಗಿ ಕೂತು, ಒಂದು ಚೊಂಬು ನೀರು ಕುಡಿದು ಆಮೇಲೆ ಹೊರಡಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಆದರೆ ಹೊಸ ಸೊಸೆಯ ಸೀನು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಎರಡು ಕೇಳಿ ಸಮಾಧಾನದಿಂದ ಒಂದು ಕಾಲು ಹೊರಗಿಟ್ಟರೆ ಅಡುಗೆಮನೆಯಿಂದ ಮೂರನೆಯದು ಬರುತ್ತಿತ್ತು. ಸರಿ, ಒಳಕ್ಕೆ ಬಂದು ಕೂರೋಣ ಅಂದರೆ ನಾಲ್ಕನೆಯದು. ಹೀಗೆ ಒಳಗೂ ಹೊರಗೂ ಓಡಾಡಿ ಕೆ.ಆರ್. ಪೇಟೆಯ ಬಸ್ಸು ತಪ್ಪಿಸಿಕೊಂಡ ದಾಸಯ್ಯ ಒಂದು ದಿನ ಜಗಲಿಯ ಮೇಲೆ ಕುಕ್ಕರಿಸಿ, "ನೋಡವ್ವಾ, ನಾನು ಸಂತೆಗೋಗ್ಬೇಕು. ನಿನ್ ಸೀನು ಪೂರಾ ಮುಗುದ್ಮೇಲೆ ಒಂದ್ಸಲ ಕೂಗಿ ಹೇಳ್ಬುಡು, ಆಗ ಎದ್ದೋಯ್ತೀನಿ" ಅಂದ.

ಒಳಗೆ ಮಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಸುರಿಯುತ್ತಿತ್ತು. ಅದು ದುಃಖದ ನೀರಲ್ಲ. ಮಾಘ ಹುಟ್ಟಿ ಶಿವರಾತ್ರಿ ಹತ್ತಿರವಾದಂತೆ ಅವಳ ಕಣ್ಣು ಕೆಂಡದ ಹಾಗಾಗುತ್ತಿತ್ತು, ಅಂಗುಳು ನವೆಯೇಳುತ್ತಿತ್ತು, ಮೂಗು ನಲ್ಲಿಯ ಹಾಗೆ ಸೋರುತ್ತಿತ್ತು. ಬಿಸಿಲು ಬಲಿತು ಯುಗಾದಿ ಕಳೆದ ಮೇಲೆ ಎಲ್ಲವೂ ತಾನಾಗಿಯೇ ಮಾಯ. ಮಳೆಗಾಲದ ಕೊನೆಗೆ ಇನ್ನೊಂದು ಸಣ್ಣ ಸರದಿ. ಅತ್ತೆ ಚಲುವಮ್ಮ ಅದಕ್ಕೆ ನೀರು ಬದಲಾಗಿದ್ದು ಕಾರಣ ಅಂದಳು. ನೆರೆಮನೆಯವರು ಗಾಳಿ ಸೋಕು ಅಂದರು. ಗಂಡ ದೇವರಾಜು, "ಶೀತ ಕಣ್ಬುಡು, ಮೆಣಸಿನ್ ಕಷಾಯ ಕುಡುದ್ರೆ ಸರೋಯ್ತದೆ" ಅಂದ. ಮೆಣಸು, ಶುಂಠಿ, ತುಳಸಿ, ಬೆಳ್ಳುಳ್ಳಿ ಎಲ್ಲ ಆಯಿತು. ಸೀನು ಮಾತ್ರ ತನ್ನ ಕಾಲಕ್ಕೆ ಬಂದು ತನ್ನ ಕಾಲಕ್ಕೆ ಹೋಯಿತು.

ತವರೂರು ಅಕ್ಕಿಹೆಬ್ಬಾಳಿನಲ್ಲಿ ಅವಳಿಗೆ ಈ ಕಾಟ ಇರಲಿಲ್ಲ. ಅಲ್ಲಿ ಅವಳು ಹೇಮಾವತಿ ದಡದ ಮರಳಿನಲ್ಲಿ ಗಂಡುಹುಡುಗರ ಜೊತೆ ಕಬಡ್ಡಿ ಆಡಿ ಬೆಳೆದವಳು. ಗಿಡ್ಡ ಮೈ, ಗಟ್ಟಿ ಕಾಲು, ಉದ್ದ ಉಸಿರು. ಹೈಸ್ಕೂಲು ತಂಡದಲ್ಲಿ ಅವಳೇ ಮೊದಲ ರೈಡರು. ಎದುರಾಳಿ ಅಂಕಣಕ್ಕೆ ನುಗ್ಗಿ "ಕಬಡ್ಡಿ ಕಬಡ್ಡಿ" ಅನ್ನುತ್ತಾ ಮೂಲೆಯಿಂದ ಮೂಲೆಗೆ ಓಡಿ, ಒಬ್ಬಳನ್ನು ಮುಟ್ಟಿ, ಇನ್ನೊಬ್ಬಳನ್ನು ಆಸೆ ತೋರಿಸಿ ಎಳೆದು, ನಡುಗೆರೆ ದಾಟಿ ಬಂದಮೇಲೂ ಅವಳ ಉಸಿರು ಮುಗಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಆ ಉಸಿರೆಲ್ಲ ಎರಡು ಸೀಮೆಹಸು, ಒಂದು ಎಮ್ಮೆ, ರಾಗಿ ಹೊಲ, ಮಗಳು ಚಿನ್ನು, ಇಷ್ಟಕ್ಕೆ ಖರ್ಚಾಯಿತು. ಆಟ ಮರೆತೇ ಹೋಗಿತ್ತು ಅನ್ನಬೇಕು.

ಅದನ್ನು ಮತ್ತೆ ಎಬ್ಬಿಸಿದವಳು ಅಲ್ಮಾಸ್.

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಲ್ಮಾಸ್‌ಳ ಟೈಲರಿಂಗ್ ಅಂಗಡಿ. ಚಿನ್ನುವಿನ ಯೂನಿಫಾರಂ ಹೊಲಿಸಲು ಹೋದ ಮಾಯಮ್ಮನನ್ನು ಅವಳು ಟೇಪು ಕೊರಳಲ್ಲಿ ಹಾಕಿಕೊಂಡೇ ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ತನ್ನ ಎಡಗಾಲನ್ನು ಮುಂದೆ ಚಾಚಿ ಪಾದದ ಮೇಲಿನ ಹರಡು ತೋರಿಸಿ, "ಇದನ್ನ ಹಿಡಿದು ಎಳೆದು ನನ್ನ ಮಕಾಡೆ ಬೀಳಿಸಿದ್ದು ನೀನೇ ತಾನೆ? ಅಕ್ಕಿಹೆಬ್ಬಾಳು ಮಾಯಾ?" ಅಂದಳು.

ಮಾಯಮ್ಮನಿಗೆ ಥಟ್ಟನೆ ನೆನಪಾಯಿತು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಪೇಟೆ ಹುಡುಗಿಯರ ತಂಡದಲ್ಲಿದ್ದ ಬೆಳ್ಳಗಿನ, ಎತ್ತರದ ಹುಡುಗಿ. ಮಿಂಚಿನ ಹಾಗೆ ಬಂದು ಹೋಗುತ್ತಿದ್ದಳು. ಇಬ್ಬರೂ ಯೂನಿಫಾರಂ ಅಳತೆ ಮರೆತು ಆ ಪಂದ್ಯವನ್ನು ಅಂಗಡಿಯೊಳಗೇ ಇನ್ನೊಂದು ಸಲ ಆಡಿದರು. ಟೀ ಬಂತು. ಟೀ ಮುಗಿಯುವ ಹೊತ್ತಿಗೆ ಅಲ್ಮಾಸ್ ವಿಷಯ ಬಿಚ್ಚಿದಳು. ಅಕ್ಕಿಹೆಬ್ಬಾಳಿನ ಯುವಕರ ಸಂಘದವರು ಶಿವರಾತ್ರಿ ಆದಮೇಲೆ ಹೆಂಗಸರ ಕಬಡ್ಡಿ ಪಂದ್ಯ ಇಡುತ್ತಿದ್ದಾರೆ. ಮದುವೆಯಾದವರು, ಆಗದವರು ಯಾರು ಬೇಕಾದರೂ ಆಡಬಹುದು. ತಾನೊಂದು ತಂಡ ಕಟ್ಟುತ್ತಿದ್ದೇನೆ, ಡಿಗ್ರಿ ಓದುವ ಸ್ನೇಹ ಅನ್ನುವ ಹುಡುಗಿ ಸಿಕ್ಕಿದ್ದಾಳೆ, ಇನ್ನೂ ಕೆಲವರು ಇದ್ದಾರೆ, ನೀನು ಬಾ. ಹಸು ಬಿಟ್ಟು ಹೇಗೆ ಬರಲಿ ಅಂದಳು ಮಾಯಮ್ಮ.

"ಅರೆ, ಹಸು ಇದ್ರೆ ಏನಾಯ್ತು? ಹಸು ಏನು ಬೇಡ ಅಂತದಾ?" ಅಂದಳು ಅಲ್ಮಾಸ್.

ಹಸು ಬೇಡ ಅನ್ನಲಿಲ್ಲ. ಚಲುವಮ್ಮ ಅಂದಳು. "ಮಗೀನ ತಾಯಾಗಿ ಚಡ್ಡಿ ಆಕ್ಕಂಡು ಮಣ್ಣಲ್ಲಿ ಹೊಳ್ಳಾಡ್ತೀಯೇನಮ್ಮಿ? ಊರೋರು ಏನಂದಾರು?" ಮಾಯಮ್ಮ ಸಮಾಧಾನವಾಗಿ, ಚಡ್ಡಿಯಲ್ಲ ಅತ್ತೆ, ಉದ್ದದ ಪ್ಯಾಂಟು, ಅಲ್ಮಾಸೇ ಹೊಲಿಯುತ್ತಾಳೆ ಅಂದಳು. ದೇವರಾಜು ನಡುವೆ ಬಾಯಿ ಹಾಕಿ, "ಓಗ್ಲಿ ಬುಡವ್ವಾ, ಆಡ್ಲಿ. ನಾನು ದಿನಾ ಇಸ್ಪೀಟಾಡಕ್ಕೋದ್ರೆ ನೀನೇನೂ ಅನ್ನಲ್ಲ" ಅಂದ. ಅಲ್ಲಿಗೆ ಚಲುವಮ್ಮನ ಮಾತು ಗಂಡನ ಮೇಲೂ ಮಗನ ಮೇಲೂ ತಿರುಗಿ ಸೊಸೆ ಪಾರಾದಳು.

ಆ ವರ್ಷದ ಪಂದ್ಯ ನೆನೆದರೆ ಈಗಲೂ ಮಾಯಮ್ಮನ ಕಿವಿ ಬಿಸಿಯಾಗುತ್ತದೆ. ಮೊದಲ ಆಟ, ಮೊದಲ ರೈಡು. ಹುಟ್ಟೂರಿನ ಜನವೆಲ್ಲ ಸುತ್ತ ನಿಂತಿದ್ದರು. ಅವಳು ನಡುಗೆರೆ ಮುಟ್ಟಿ ನಮಸ್ಕರಿಸಿ ಒಳಕ್ಕೆ ನುಗ್ಗಿದಳು. "ಕಬಡ್ಡಿ ಕಬಡ್ಡಿ ಕಬ..." ಅಷ್ಟೇ. ಎದೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಾಯಿತು, ಮೂಗಿನೊಳಗೆ ಕಡ್ಡಿ ಆಡಿಸಿದ ಹಾಗಾಯಿತು, ಎದುರಾಳಿಗಳ ನಟ್ಟನಡುವೆ ನಿಂತು ಅವಳು ಸೀನತೊಡಗಿದಳು. ಉಸಿರು ಕಡಿದರೆ ರೈಡರು ಔಟು. ಅಂಪೈರು ಸೀಟಿ ಊದಿದ. ಯಾರೂ ಹಿಡಿಯಲಿಲ್ಲ, ಯಾರೂ ಮುಟ್ಟಲಿಲ್ಲ, ಅವಳೇ ಔಟಾಗಿ ತಲೆತಗ್ಗಿಸಿ ಹೊರಗೆ ಬಂದಳು. ಎದುರಾಳಿ ತಂಡದ ಹುಡುಗಿಯೊಬ್ಬಳು ಪಾಪ ಎಂದು ಕರವಸ್ತ್ರ ಕೊಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾತ್ರೆ ನುಂಗಿ ನೋಡಿದ್ದಳು. ಮೆಡಿಕಲ್ ಸ್ಟೋರಿನವರು ಕೊಡುತ್ತಿದ್ದ ಹಳದಿ ಮಾತ್ರೆ ಸೀನನ್ನೇನೋ ನಿಲ್ಲಿಸುತ್ತಿತ್ತು, ಜೊತೆಗೆ ಅವಳನ್ನೂ ಮಲಗಿಸುತ್ತಿತ್ತು. ಒಂದು ಬೆಳಿಗ್ಗೆ ಹಾಲು ಕರೆಯುತ್ತಾ ಹಸುವಿನ ಹೊಟ್ಟೆಗೆ ತಲೆಯಾನಿಸಿ ಹಾಗೇ ನಿದ್ದೆ ಹೋಗಿದ್ದಳು. ಹಸು ಒಳ್ಳೆಯದು, ಅಲುಗದೆ ನಿಂತಿತ್ತು. ಡೈರಿಗೆ ಹಾಲು ಯಾಕೆ ಬರಲಿಲ್ಲ ಎಂದು ನೋಡಲು ಬಂದ ದಾಸಯ್ಯ ಸೊಸೆಯನ್ನು ಎಬ್ಬಿಸಲೋ ಬೇಡವೋ ಎಂದು ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಪಂದ್ಯ ಸೋತ ಮರುವಾರ ಅಲ್ಮಾಸ್ ಫೋನು ಮಾಡಿ, "ನಿಂದು ಶೀತ ಅಲ್ಲ ಮಾಯಾ. ನನ್ನ ಚಿಕ್ಕಮ್ಮನಿಗೂ ಇಂಗೇ ಆಗ್ತಿತ್ತು. ಮೈಸೂರಲ್ಲಿ ಅಲರ್ಜಿ ಡಾಕ್ಟರ್ ಅವ್ರೆ, ತೋರ್ಸಣ ಬಾ" ಅಂದಳು. ಪರೀಕ್ಷೆಗೆ ಮೊದಲು ಕೆಲವು ದಿನ ಯಾವ ಮಾತ್ರೆಯನ್ನೂ ನುಂಗಬಾರದು ಎಂದು ಅಲ್ಲಿಂದ ಹೇಳಿದ್ದರು. ಹಾಗಾಗಿ ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಮೈಸೂರು ರೈಲು ಹತ್ತಿದ ಮಾಯಮ್ಮ ಉದ್ದಕ್ಕೂ ಸೀನಿದಳು. ಕೊರೋನ ಕಂಡ ಜನ ಒಬ್ಬೊಬ್ಬರೇ ಎದ್ದು ದೂರ ಸರಿದರು. ಕೊನೆಗೆ ಇಡೀ ಬೆಂಚು ಇವರಿಬ್ಬರಿಗೇ ಆಯಿತು. ಅಲ್ಮಾಸ್ ಕಾಲು ಚಾಚಿ ಕೂತು, "ರಿಜರ್ವೇಶನ್ ಇಲ್ದೆ ಇಷ್ಟು ಜಾಗ ಯಾರಿಗ್ ಸಿಗ್ತದೆ" ಎಂದು ಕಡಲೆಕಾಯಿ ಸುಲಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ನಿಧಾನವಾಗಿ ಮಾತಾಡುವವರು. ಮಾಯಮ್ಮನ ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಪ್ರತಿ ಹನಿಯ ಮೇಲೂ ಸೂಜಿಯ ಮೊನೆಯಿಂದ ಹಗುರವಾಗಿ ಚುಚ್ಚಿದರು. ಒಂದೊಂದೂ ಒಂದೊಂದು ಬಗೆಯದು ಅಂತ ವಿವರಿಸಿದರು. ಮನೆಯ ಧೂಳು, ಹಸುವಿನ ಕೂದಲು, ಪಾರ್ಥೇನಿಯಂ, ಹುಲ್ಲಿನ ಹೂ, ಜೋಳದ ಹೂ, ಹೀಗೆ. ಮಾಯಮ್ಮ ಹಸುವಿನ ಹನಿಯ ಮೇಲೇ ಕಣ್ಣಿಟ್ಟು ಕೂತಳು. ಅದೇನಾದರೂ ಊದಿಕೊಂಡರೆ ಬದುಕೇ ತಲೆಕೆಳಗು. ಸ್ವಲ್ಪ ಹೊತ್ತಿಗೆ ಕೈ ನವೆಯೆದ್ದಿತು. ನೋಡಿದರೆ ಹಸುವಿನ ಜಾಗ ತಣ್ಣಗಿತ್ತು, ಪಾರ್ಥೇನಿಯಂ ಜಾಗವೂ ತಣ್ಣಗಿತ್ತು. ಕೆಳಗಿನ ಸಾಲಿನ ಒಂದು ಹನಿ ಮಾತ್ರ ಜೇನುಹುಳ ಕಚ್ಚಿದ ಹಾಗೆ ದಪ್ಪಗೆ, ಕೆಂಪಗೆ ಎದ್ದಿತ್ತು.

"ನಿಮ್ಮನೆ ಹತ್ರ ಸರ್ವೆ ಮರ ಇದೆಯೇನಮ್ಮಾ?" ಎಂದು ಡಾಕ್ಟರು ಕೇಳಿದರು.

ಮಾಯಮ್ಮನಿಗೆ ನಗು ಬಂತು. ಮನೆಯ ಹಿತ್ತಿಲ ಬೇಲಿ ದಾಟಿದರೆ ದಾಸಯ್ಯನ ಸರ್ವೆ ತೋಪು. ಅದರಾಚೆ ಪಕ್ಕದವರ ತೋಪು. ಅದರಾಚೆ ಇನ್ನೊಬ್ಬರದು. ಹೋಬಳಿ ತುಂಬ ಸರ್ವೆ. ನೆಟ್ಟು ಬಿಟ್ಟರೆ ನೀರು ಕೇಳದು, ಆಳು ಕೇಳದು, ಬೆಳೆದ ಮೇಲೆ ಲಾರಿಯವರೇ ಬಂದು ಕಡಿದುಕೊಂಡು ಹೋಗುತ್ತಾರೆ. ಅದಕ್ಕೆ ಹೂವಿರುತ್ತದೆ ಅನ್ನುವುದನ್ನೇ ಅವಳು ಯೋಚಿಸಿರಲಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಮುಡಿಯುವಂಥದಲ್ಲ. ಡಾಕ್ಟರು ಹೇಳಿದರು: ಎಳೆಯಂಥ ಎಲೆಗಳ ತುದಿಯಲ್ಲಿ ಕಂದು ಬಣ್ಣದ ಸಣ್ಣ ತೆನೆ ಬರುತ್ತದಲ್ಲ, ಅದೇ ಹೂವು. ಅದು ದುಂಬಿಯನ್ನು ಕಾಯುವುದಿಲ್ಲ, ಗಾಳಿಗೇ ಪುಡಿ ತೂರುತ್ತದೆ. ಶಿವರಾತ್ರಿ ಹೊತ್ತಿಗೊಮ್ಮೆ, ಮಳೆ ಹಿಂದೆ ಸರಿಯುವಾಗ ಇನ್ನೊಮ್ಮೆ. ಎಲ್ಲರಿಗೂ ಏನೂ ಆಗುವುದಿಲ್ಲ, ನಿಮ್ಮ ಮೈ ಮಾತ್ರ ಅದನ್ನು ಶತ್ರು ಅಂದುಕೊಂಡಿದೆ.

ಅಷ್ಟು ವರ್ಷದ ಕಾಟಕ್ಕೆ ಹೆಸರು ಸಿಕ್ಕಿದ ಆ ಗಳಿಗೆಯಲ್ಲಿ ಮಾಯಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ನೀರಲ್ಲ, ಸೋಕಲ್ಲ, ತನ್ನ ಮೈಯ ನಿಶ್ಶಕ್ತಿಯೂ ಅಲ್ಲ. ಹಿತ್ತಿಲಲ್ಲೇ ನಿಂತ ಮರ. ಎದುರಾಳಿ ಯಾರೆಂದು ಗೊತ್ತಾದರೆ ಆಟವನ್ನು ಆಡಬಹುದು. ವಾಪಸು ರೈಲಿನಲ್ಲಿ ಕಿಟಕಿಯಾಚೆ ಸರ್ವೆ ತೋಪು ಕಂಡಾಗಲೆಲ್ಲ ಅವಳು ಅಲ್ಮಾಸ್‌ಳ ಭುಜ ಅಲುಗಿಸಿ, "ಅಗೋ ಅಲ್ನೋಡು, ಇನ್ನೊಂದ್ ತೋಪು" ಎಂದು ತೋರಿಸುತ್ತಿದ್ದಳು.

ಮನೆಯಲ್ಲಿ ಸುದ್ದಿ ಕೇಳಿದ ದಾಸಯ್ಯ ಎದ್ದು ಹಿತ್ತಿಲಿಗೆ ಹೋದ. ತಾನೇ ಕೈಯಾರೆ ನೆಟ್ಟ ಮರಗಳನ್ನು ನೋಡುತ್ತಾ ನಿಂತ. ಬಂದವನು, "ಕಡುದ್ಬುಡಣ ಕಣವ್ವಾ. ಇನ್ನೊಂದೊರ್ಸ ಬುಟ್ರೆ ಒಳ್ಳೆ ದಪ್ಪ ಆಗವು. ಓಗ್ಲಿ, ನಾಳೀಕೇ ಲಾರಿಯೋನ್ಗೆ ಹೇಳ್ತೀನಿ" ಅಂದ.

"ಬ್ಯಾಡ ಮಾವ. ಡಾಕ್ಟ್ರು ಹೇಳವ್ರೆ, ನಮ್ದು ಕಡುದ್ರೂ ಪಕ್ಕದ್ದು ಅದೆ. ಅದ್ರ ಪುಡಿ ಮೈಲಿಗಟ್ಲೆ ಆರ್ತದಂತೆ. ಊರ್ನೆಲ್ಲ ಕಡ್ಯಕ್ಕಾಯ್ತದಾ?"

"ಮತ್ತೆ ಏನ್ಮಾಡ್ತೀಯ?"

"ಅದ್ರ ಜೊತೇಲೇ ಬದುಕ್ತೀನಿ."

ಬದುಕುವ ವಿಧಾನವನ್ನು ಡಾಕ್ಟರು ಬಿಡಿಸಿ ಹೇಳಿದ್ದರು. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇಯನ್ನು ಸೀನು ಬಂದಾಗ ಅಲ್ಲ, ಹೂ ಬಿಡುವುದಕ್ಕೆ ಮೊದಲೇ ಶುರುಮಾಡಿ ದಿನವೂ ತಪ್ಪದೆ ಹೊಡೆಯಬೇಕು. ನಿದ್ದೆ ಬಾರದ ಬೇರೆ ಮಾತ್ರೆ. ಎದೆ ಬಿಗಿದರೆ ಎಳೆದುಕೊಳ್ಳಲು ಒಂದು ಸಣ್ಣ ಪಂಪು, ಅದು ಸದಾ ಜೊತೆಗಿರಬೇಕು. ಹುಲ್ಲು ಕೊಯ್ಯಲು ಹೋದರೆ ಮೂಗು ಬಾಯಿಗೆ ಬಟ್ಟೆ, ಬಂದ ಕೂಡಲೇ ತಲೆಗೆ ಸ್ನಾನ. ಆ ತಿಂಗಳಲ್ಲಿ ಬಟ್ಟೆಯನ್ನು ಹಿತ್ತಿಲಲ್ಲಿ ಒಣಹಾಕಬಾರದು. ಈ ಕೊನೆಯದೇ ಚಲುವಮ್ಮನಿಗೆ ನುಂಗಲಾರದ ತುತ್ತಾಯಿತು. ಬಿಸಿಲು ಬಿದ್ದ ಹಿತ್ತಿಲು ಇರುವಾಗ ಒಳಮನೆಯಲ್ಲಿ ಹಗ್ಗ ಕಟ್ಟಿ ಸೀರೆ ಒಣಗಿಸುವ ಮನೆಯನ್ನು ಅವಳು ನೋಡಿರಲಿಲ್ಲ. ಗೊಣಗಿಕೊಂಡೇ ಕಟ್ಟಿದಳು. ಮಾಯಮ್ಮ ಸಂಜೆ ಅಭ್ಯಾಸಕ್ಕೆ ಹೊರಟಾಗ ಗೊಣಗಿಕೊಂಡೇ ಹಾಲು ಕರೆಯಲು ಕೂತಳು. "ಈ ಸಲಾನೂ ಸೀನ್ಕಂಡು ಔಟಾಗ್ಬುಟ್ಟು ಬಂದೀಯಾ, ನನ್ ಕೈನೋವು ದಂಡ ಆಗ್ಬಾರ್ದು" ಅಂದಳು. ಅತ್ತೆಯ ಬಾಯಲ್ಲಿ ಅದು ಆಶೀರ್ವಾದವೇ.

ಅಭ್ಯಾಸ ಕೆ.ಆರ್. ಪೇಟೆಯ ಹೊರಗೆ ಖಾಲಿ ಸೈಟಿನಲ್ಲಿ. ಅಲ್ಮಾಸ್ ಅಂಗಡಿ ಮುಚ್ಚಿ ಬರುತ್ತಿದ್ದಳು, ಸ್ನೇಹ ಕಾಲೇಜಿನಿಂದ, ಉಳಿದವರು ಡೈರಿಗೆ ಹಾಲು ಹಾಕಿ. ಮರುವರ್ಷ ಮಾಘದಲ್ಲಿ ಹಿತ್ತಿಲ ಸರ್ವೆಯ ತುದಿ ಕಂದು ಬಣ್ಣಕ್ಕೆ ತಿರುಗಿದಾಗ ಮಾಯಮ್ಮ ದಿನವೂ ಬೇಲಿಯ ಹತ್ತಿರ ನಿಂತು ನೋಡಿದಳು. ಹೂ ಬಲಿಯಿತು, ಗಾಳಿಗೆ ಪುಡಿ ಹಾರಿತು, ತಗಡಿನ ಮೇಲೆ, ಬಚ್ಚಲ ನೀರಿನ ಮೇಲೆ ತೆಳುವಾಗಿ ಕೂತಿತು. ಅವಳು ಸೀನಲಿಲ್ಲ ಅಂತಲ್ಲ. ಬೆಳಿಗ್ಗೆ ಎದ್ದಾಗ ಒಂದಷ್ಟು. ಕಣ್ಣು ಸ್ವಲ್ಪ ಕೆರೆತ. ಆದರೆ ಎದೆಯ ಮೇಲೆ ಮೂಟೆ ಕೂರಲಿಲ್ಲ. ಓಡಿದರೆ ಉಸಿರು ಬರುತ್ತಿತ್ತು, ಬಂದದ್ದು ನಿಲ್ಲುತ್ತಿತ್ತು. ಒಂದು ಸಂಜೆ ಅವಳು ಒಂದೇ ಉಸಿರಿನಲ್ಲಿ ಅಂಕಣದ ಆ ಮೂಲೆಗೂ ಈ ಮೂಲೆಗೂ ಹೋಗಿ ಮೂವರನ್ನು ಮುಟ್ಟಿ ವಾಪಸು ಬಂದಾಗ ಅಲ್ಮಾಸ್ ಸೊಂಟದ ಮೇಲೆ ಕೈಯಿಟ್ಟು, "ಮಾಶಾಅಲ್ಲಾ. ಇವಳು ಇಷ್ಟ್ ದಿನ ಎಲ್ಲಿದ್ಳು" ಅಂದಳು.

ಪಂದ್ಯದ ದಿನ ಅಕ್ಕಿಹೆಬ್ಬಾಳಿಗೆ ದೇವರಾಜು ಟ್ರಾಕ್ಟರಿನಲ್ಲಿ ಎಲ್ಲರನ್ನೂ ಕರೆದೊಯ್ದ. ಚಲುವಮ್ಮ ಹಸು ಇವೆ ಅಂತ ಉಳಿದಳು. ದಾಸಯ್ಯ ಟ್ರೇಲರಿನಲ್ಲಿ ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾನೇ ಆಡಲು ಹೋಗುವವನ ಹಾಗೆ ಗಂಭೀರವಾಗಿದ್ದ. ಅಲ್ಮಾಸ್ ಹೊಲಿದ ನೀಲಿ ಅಂಗಿಗಳ ಬೆನ್ನ ಮೇಲೆ ಹಳದಿ ದಾರದಲ್ಲಿ ಹೆಸರಿತ್ತು.

ಮೈದಾನ ನದಿಯ ಕಡೆಗೆ ಇಳಿಜಾರಿನ ಅಂಚಿನಲ್ಲಿತ್ತು. ಮಾಯಮ್ಮ ಆಡಿ ಬೆಳೆದ ಕಾಲದಲ್ಲಿ ಅಲ್ಲಿ ಬರೀ ಗದ್ದೆ. ಈಗ ಅಲ್ಲೂ ಯಾರೋ ಸರ್ವೆ ನೆಟ್ಟಿದ್ದರು. ಮೈದಾನದ ಪಡುವಣಕ್ಕೆ ಕಂದು ತುದಿಯ ಮರಗಳು ಒತ್ತೊತ್ತಾಗಿ ನಿಂತಿದ್ದವು. ಅವಳು ಅದನ್ನು ನೋಡಿದಳು, ಪಂಪು ಪ್ಯಾಂಟಿನ ಜೇಬಿನಲ್ಲಿದೆಯೇ ಎಂದು ಮುಟ್ಟಿಕೊಂಡಳು, ಅದನ್ನು ದೇವರಾಜುವಿನ ಕೈಗೆ ಕೊಟ್ಟು, "ಗೆರೆ ಪಕ್ಕದಲ್ಲೇ ಕೂತಿರಿ ಕಣಿ, ಎಲ್ಲೂ ಓಗ್ಬೇಡಿ" ಅಂದಳು.

ಬೆಳಗಿನ ಆಟಗಳಲ್ಲಿ ಗಾಳಿಯೇ ಇರಲಿಲ್ಲ. ಮಾಯಮ್ಮ ಹುಲಿಯ ಹಾಗೆ ಆಡಿದಳು. ಪಾಂಡವಪುರದ ಕಡೆಯ ತಂಡದ ಮೇಲೆ ಅವಳು ಹೋದ ರೈಡುಗಳೆಲ್ಲ ಪಾಯಿಂಟು ತಂದವು. ಹುಟ್ಟೂರಿನ ಜನ ಅವಳ ಹೆಸರು ಹಿಡಿದು ಕೂಗಿದರು. ಮೈಕಿನಲ್ಲಿ ಸಂಘದ ಹುಡುಗ, "ನಮ್ಮೂರ ಮಗಳು ಮಾಯಕ್ಕ ಮತ್ತೆ ದಾಳಿಗೆ ಬರ್ತಾವ್ರೆ" ಅನ್ನುತ್ತಿದ್ದಂತೆ ಸೀಟಿಗಳು ಎದ್ದವು. ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳಿಗೆ ಅನ್ನ ಸೇರಲಿಲ್ಲ, ಅಷ್ಟು ಹುಮ್ಮಸ್ಸು. ಮೊಸರನ್ನವನ್ನು ನಾಲ್ಕು ತುತ್ತು ತಿಂದು ಕೈತೊಳೆದಳು. ಫೈನಲಿಗೆ ಎದುರಾಳಿ ನಾಗಮಂಗಲದವರು. ಅವರ ರೈಡರು ಕೋಲಿನ ಹಾಗೆ ಉದ್ದದ ಹುಡುಗಿ. ಕಾಲು ಚಾಚಿದರೆ ಅರ್ಧ ಅಂಕಣ.

ಫೈನಲು ಶುರುವಾಗುವ ಹೊತ್ತಿಗೆ ನದಿ ಕಡೆಯಿಂದ ಗಾಳಿ ಎದ್ದಿತು. ಮೊದಲ ಅರ್ಧದಲ್ಲಿ ಮಾಯಮ್ಮನ ತಂಡ ಮೂಡಣ ಬದಿಯಲ್ಲಿತ್ತು, ಅವಳು ಎರಡು ಸಲ ಹೋಗಿ ಎರಡು ಸಲವೂ ಗೆದ್ದು ಬಂದಳು. ವಿರಾಮದ ನಂತರ ಬದಿ ಬದಲಾಯಿತು. ತೋಪು ಈಗ ಅವಳ ಬೆನ್ನಿಗೇ ಇತ್ತು. ಒಂದು ದೊಡ್ಡ ಗಾಳಿ ಬೀಸಿದಾಗ ಇಳಿಬಿಸಿಲಿನಲ್ಲಿ ಮರಗಳಿಂದ ಹೊಗೆಯಂತೆ ಕಂದು ಪುಡಿ ಎದ್ದು ಮೈದಾನದ ಮೇಲೆ ಹರಡಿದ್ದನ್ನು ಅವಳು ಕಣ್ಣಾರೆ ಕಂಡಳು. ಬೇರೆಯವರಿಗೆ ಅದು ಧೂಳು. ಅವಳಿಗೆ ಮೂಗಿನ ತುದಿಯಲ್ಲಿ ಆಗಲೇ ಸುದ್ದಿ ಮುಟ್ಟಿತ್ತು.

ಆದರೂ ರೈಡಿಗೆ ಹೋದಳು. ಒಬ್ಬಳ ಭುಜ ಸವರಿ ತಿರುಗುವಷ್ಟರಲ್ಲಿ ಸೀನು ಬಂದೇಬಿಟ್ಟಿತು. ಮೊದಲನೆಯದನ್ನು ನುಂಗಿಕೊಂಡು "ಕಬಡ್ಡಿ" ಅಂದಳು. ಎರಡನೆಯದು ನುಂಗಲಾಗಲಿಲ್ಲ. ಸೀಟಿ. ಔಟು. ಜನ ಅಯ್ಯೋ ಅಂದರು. ಗೆರೆಯಾಚೆ ಬಂದು ಕೂತವಳಿಗೆ ದೇವರಾಜು ಪಂಪು ಕೊಟ್ಟ. ಅವಳು ಡಾಕ್ಟರು ಕಲಿಸಿದ ಹಾಗೆ ಉಸಿರು ಪೂರಾ ಬಿಟ್ಟು, ಪಂಪು ಒತ್ತಿ ನಿಧಾನವಾಗಿ ಎಳೆದುಕೊಂಡು, ಕಣ್ಣು ಮುಚ್ಚಿ ತಡೆದು ಹಿಡಿದಳು. ಎದೆ ಸಡಿಲವಾಯಿತು. ಮೂಗು ಮಾತ್ರ ಸೋರುತ್ತಲೇ ಇತ್ತು, ಸೀನು ನಿಲ್ಲುವ ಲಕ್ಷಣವಿರಲಿಲ್ಲ.

"ಸಾಕ್ ಬುಡು ಮಾಯಿ. ಇಷ್ಟ್ ಆಡಿದ್ದೇ ದೊಡ್ದು" ಅಂದ ದೇವರಾಜು.

ಅವಳು ತಲೆಯಾಡಿಸಿದಳು. ಸಾಕು ಅಂತಲೋ ಬೇಡ ಅಂತಲೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಲ್ಮಾಸ್ ರೈಡಿನಲ್ಲಿ ಒಂದು ಪಾಯಿಂಟು ತಂದಳು, ಅದರ ಲೆಕ್ಕಕ್ಕೆ ಔಟಾಗಿದ್ದ ಮಾಯಮ್ಮ ಮತ್ತೆ ಒಳಗೆ ಬರಬಹುದಾಯಿತು. ಬಂದವಳನ್ನು ಅಲ್ಮಾಸ್ ಪಕ್ಕಕ್ಕೆಳೆದು ಕಿವಿಯಲ್ಲಿ ಹೇಳಿದಳು: "ಕೇಳಿಲ್ಲಿ. ಉಸ್ರು ಹಿಡೀಬೇಕಾದೋಳು ರೈಡರ್ರು. ಕಾಲು ಹಿಡಿಯೋಳು ಎಷ್ಟ್ ಬೇಕಾದ್ರೂ ಸೀನ್ಬೋದು, ಯಾವ ಅಂಪೈರೂ ಕೇಳಲ್ಲ. ರೈಡು ನಂಗೆ ಬಿಡು. ನೀನು ಮೂಲೇಲಿ ನಿಲ್ಲು. ನನ್ನ ಹರಡು ಹಿಡ್ದಿದ್ದೆಯಲ್ಲ, ಅಂಗೆ."

ಮಾಯಮ್ಮ ಎಡಮೂಲೆಗೆ ಹೋಗಿ ಬಗ್ಗಿ ನಿಂತಳು. ಬಲಮೂಲೆಯಲ್ಲಿ ಸ್ನೇಹ. ಆಟ ಒಮ್ಮೆ ಇತ್ತ ಒಮ್ಮೆ ಅತ್ತ ವಾಲಿತು. ಉದ್ದದ ಹುಡುಗಿ ಬಂದಾಗಲೆಲ್ಲ ಯಾರನ್ನಾದರೂ ಒಬ್ಬರನ್ನು ಕಿತ್ತುಕೊಂಡೇ ಹೋದಳು. ಒಂದು ಸಲ ಮಾಯಮ್ಮ ಅವಳ ಪಾದಕ್ಕೆ ಕೈಹಾಕಿದಳು, ಬೆರಳು ಜಾರಿತು. ಅಲ್ಮಾಸ್ ಹೋಗಿ ಬೋನಸ್ ಪಾಯಿಂಟು ತಂದಳು, ಇನ್ನೊಮ್ಮೆ ಇಬ್ಬರನ್ನು ಮುಟ್ಟಿ ಬಂದಳು, ಆಮೇಲೆ ತಾನೇ ಸಿಕ್ಕಿಬಿದ್ದು ಹೊರಗೆ ಹೋದಳು. ಕೊನೆಗೆ ಎಲ್ಲಿಗೆ ಬಂತೆಂದರೆ, ನೀಲಿ ತಂಡ ಒಂದೇ ಒಂದು ಪಾಯಿಂಟು ಮುಂದೆ, ಅಂಕಣದಲ್ಲಿ ಉಳಿದವರು ಮಾಯಮ್ಮ ಮತ್ತು ಸ್ನೇಹ ಇಬ್ಬರೇ, ನಾಗಮಂಗಲಕ್ಕೆ ಕಡೆಯ ರೈಡು. ಆ ಹುಡುಗಿ ಇಬ್ಬರನ್ನೂ ಮುಟ್ಟಿ ಹೋದರೆ ಕಪ್ಪು ಅವರದು. ಒಬ್ಬರನ್ನು ಮುಟ್ಟಿದರೆ ಸಮ.

ಜನ ಗೆರೆಯ ಹತ್ತಿರಕ್ಕೆ ಒತ್ತಿಕೊಂಡು ಬಂದರು. ದಾಸಯ್ಯ ಎದ್ದು ನಿಂತಿದ್ದ. ಉದ್ದದ ಹುಡುಗಿ ನಡುಗೆರೆ ದಾಟಿ ಬಂದಳು. ಬಲಕ್ಕೆ ಬಾಗಿ ಸ್ನೇಹಳಿಗೆ ಕೈ ತೋರಿಸಿದಳು, ಸ್ನೇಹ ಹಿಂದೆ ಸರಿದಳು. ಮಾಯಮ್ಮನ ಕಣ್ಣು ನೀರಾಡುತ್ತಿತ್ತು, ಹುಡುಗಿ ಅವಳಿಗೆ ಎರಡೆರಡಾಗಿ ಕಾಣುತ್ತಿದ್ದಳು. ಮುಖ ನೋಡುವುದನ್ನು ಬಿಟ್ಟು ಪಾದವನ್ನಷ್ಟೇ ನೋಡಿದಳು. ಆ ಪಾದ ಮಣ್ಣಿನಲ್ಲಿ ಒಂದು ಕ್ಷಣ ಒತ್ತಿಕೊಂಡಿತು, ಇನ್ನೊಂದು ಕಾಲು ಹಾವಿನ ಹಾಗೆ ಇವಳ ಕಡೆಗೆ ಚಿಮ್ಮಿತು.

ಹೆಬ್ಬೆರಳು ಮಾಯಮ್ಮನ ಮೊಣಕೈಯನ್ನು ತಾಗಿತು. ತಾಗಿದ ಹೊತ್ತಿಗೇ ಅವಳ ಎರಡೂ ಕೈ ಹುಡುಗಿಯ ಹರಡನ್ನು ಸುತ್ತಿದ್ದವು.

ಹುಡುಗಿ ನಡುಗೆರೆಯ ಕಡೆಗೆ ಎಗರಿ ಬಿದ್ದಳು. ಮಾಯಮ್ಮ ಹೊಟ್ಟೆಯ ಮೇಲೆ ಮಣ್ಣಿನಲ್ಲಿ ಎಳೆದುಕೊಂಡು ಹೋದಳು. ಆಗ ಸೀನು ಬಂತು. ಒಂದು, ಎರಡು, ಆಮೇಲೆ ಸಾಲು ಸಾಲು. ಒಂದೊಂದು ಸೀನಿಗೂ ಅವಳ ಮೈಯೆಲ್ಲ ಅದುರಿತು, ಕಣ್ಣು ಮುಚ್ಚಿತು, ಹಣೆ ನೆಲಕ್ಕೆ ಬಡಿಯಿತು. ಕೈ ಮಾತ್ರ ಬಿಡಲಿಲ್ಲ. ಸೀನಿದಷ್ಟೂ ಬೆರಳು ಬಿಗಿಯಾಗುತ್ತಿದ್ದವು. ಹುಡುಗಿಯ ಚಾಚಿದ ಕೈ ಗೆರೆಗೆ ಗೇಣುದೂರವಿದ್ದಾಗ ಸ್ನೇಹ ಹಾರಿ ಬಂದು ಅವಳ ಸೊಂಟದ ಮೇಲೆ ಬಿದ್ದಳು. ಮೂವರೂ ಒಂದೇ ಗಂಟಾದರು. "ಕಬಡ್ಡಿ ಕಬಡ್ಡಿ" ಅನ್ನುವ ದನಿ ಕೆಳಗಿನಿಂದ ಸಣ್ಣದಾಗುತ್ತಾ ಬಂದು ನಿಂತಿತು. ಸೀಟಿ ಉದ್ದವಾಗಿ ಮೊಳಗಿತು.

ಆಮೇಲಿನದು ಮಾಯಮ್ಮನಿಗೆ ಸರಿಯಾಗಿ ನೆನಪಿಲ್ಲ. ಯಾರೋ ಎತ್ತಿದರು, ಯಾರೋ ಅಪ್ಪಿದರು, ಅಲ್ಮಾಸ್ ಅವಳ ತಲೆಯನ್ನು ಹಿಡಿದುಕೊಂಡು ಹಣೆಯ ಮಣ್ಣಿಗೇ ಮುತ್ತಿಟ್ಟಳು. ನಾಗಮಂಗಲದ ಹುಡುಗಿ ಕುಂಟುತ್ತಾ ಬಂದು, "ಅಕ್ಕಾ, ನೀವು ಸೀನೋವಾಗ ಕೈ ಬುಟ್ಬುಡ್ತೀರ ಅನ್ಕಂಡೆ" ಅಂದಳು. ಮಾಯಮ್ಮ ಅವಳ ಹರಡನ್ನು ತಿಕ್ಕಿಕೊಟ್ಟಳು. ಬಾಯಿಬಿಟ್ಟು ಏನಾದರೂ ಹೇಳೋಣ ಅಂದರೆ ಮತ್ತೆ ಸೀನು. ಇಬ್ಬರೂ ನಕ್ಕರು.

ದೇವರಾಜು ಅವಳನ್ನು ಮೊದಲು ತೋಪಿನಿಂದ ದೂರ, ನಲ್ಲಿಯ ಹತ್ತಿರಕ್ಕೆ ಕರೆದೊಯ್ದು ಮುಖ, ಕೂದಲು, ಕೈಕಾಲು ತೊಳೆಸಿದ. ಅಂಗಿ ಬದಲಿಸಿಕೊಂಡು ಬಂದಾಗ ಉಸಿರು ಹಗುರಾಗಿತ್ತು. ಕಪ್ಪು ಕೊಡುವಾಗ ಅವಳ ಕಣ್ಣು ಮೂಗು ಎರಡೂ ಊದಿಕೊಂಡು ಮುಖ ಹಲಸಿನಂತಿತ್ತು. ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ನಗುತ್ತಿರುವವಳೂ ಅವಳೇ. ಊರಿಗೆ ಬಂದಾಗ ಡೈರಿಯ ಮುಂದೆ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಚಲುವಮ್ಮ ಕಪ್ಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಇತ್ತಾಳೆನಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಅದನ್ನು ದೇವರ ಗೂಡಿನ ಪಕ್ಕ ಇಟ್ಟು, ಸೊಸೆಗೆ ಸ್ನಾನಕ್ಕೆ ನೀರು ಕಾಯಿಸಲು ಹೋದಳು.

ಇದಾದ ಮೇಲೆ ಮಾಯಮ್ಮನ ಅಲರ್ಜಿ ಹೋಯಿತು ಅಂತೇನೂ ಇಲ್ಲ. ಪ್ರತಿ ವರ್ಷವೂ ಬರುತ್ತದೆ. ಮುಂದಿನ ಬೇಸಗೆಗೆ ದಾಸಯ್ಯ ತನ್ನ ತೋಪನ್ನು ಕಡಿಸಿ ಆ ಜಾಗದಲ್ಲಿ ತೆಂಗಿನ ಸಸಿ ಇಟ್ಟ. ಗಾಳಿ ಪಕ್ಕದವರ ತೋಪಿನಿಂದ ತನ್ನ ಪಾಲನ್ನು ತರುತ್ತಲೇ ಇದೆ. ಒಂದು ವರ್ಷ ತವರಿನ ಗಡಿಬಿಡಿಯಲ್ಲಿ ಸ್ಪ್ರೇ ಶುರುಮಾಡುವುದು ತಡವಾಗಿ ಅವಳು ಹಾಸಿಗೆ ಹಿಡಿದಿದ್ದೂ ಉಂಟು. ಈಗ ಊರಿನಲ್ಲಿ ಯಾರ ಮಗುವಿಗಾದರೂ ಶಿವರಾತ್ರಿ ಹೊತ್ತಿಗೆ ಸೀನು ಹಿಡಿದರೆ ತಾಯಂದಿರು ಮೊದಲು ಮಾಯಮ್ಮನ ಹತ್ತಿರ ಬರುತ್ತಾರೆ. ಅವಳು ಮದ್ದು ಹೇಳುವುದಿಲ್ಲ, ಮೈಸೂರು ರೈಲಿನ ಹೊತ್ತು ಹೇಳುತ್ತಾಳೆ.

ಕಳೆದ ಮಾರ್ಗಶಿರದಲ್ಲಿ ಶ್ರೀರಂಗಪಟ್ಟಣದಲ್ಲಿ ಜಿಲ್ಲೆಯ ತಂಡಗಳ ಪಂದ್ಯ ನಡೆಯಿತು. ಸರ್ವೆ ಹೂ ಬಿಡದ ಕಾಲ, ಗಾಳಿ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಅಲ್ಮಾಸ್ ತಂಡದ ಹೆಸರು ಓದುತ್ತಾ, "ಮೊದಲನೇ ರೈಡು ಯಾರದು?" ಎಂದು ಕೇಳಿದಳು. ಮಾಯಮ್ಮ ಆಗಲೇ ನಡುಗೆರೆಯ ಹತ್ತಿರ ಬಗ್ಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದಳು. ಮೂಗಿನಿಂದ ಎದೆ ತುಂಬ ಗಾಳಿ ಎಳೆದುಕೊಂಡಳು. ಎಲ್ಲೂ ತಡೆಯಿಲ್ಲದೆ ಅದು ಹೊಟ್ಟೆಯ ತಳದವರೆಗೂ ಇಳಿಯಿತು. "ಕಬಡ್ಡಿ" ಎಂದು ಗಟ್ಟಿಯಾಗಿ ಅಂದು ಅವಳು ಆ ಕಡೆಗೆ ನುಗ್ಗಿದಳು.